ಟರ್ಕಿ ಕೋಳಿಯ ಕೈಮಾ ಉಂಡೆ ಮತ್ತು ಶರದೃತುವಿನ ಚೀನಿಕಾಯಿ ಸಾಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಮಕ್ಕಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದವರು ಊರಿಗೆ ತರುವ ಅಡುಗೆಗಳಲ್ಲಿ ಟರ್ಕಿ ಕೋಳಿಯ ಉಂಡೆಯೂ ಒಂದು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡುಗೆಮನೆಗಳಲ್ಲಿ ಇದನ್ನು ಮಾಡಹೊರಟವರು ಮತ್ತೆ ಮತ್ತೆ ಕೇಳುವ ಸಂದೇಹಗಳಿಗೆ ಇಲ್ಲಿ ಉತ್ತರವಿದೆ. ಎಲ್ಲ ಅಳತೆಗಳೂ ನಾಲ್ಕು ಜನರ ಊಟಕ್ಕೆ ಹೊಂದುವಂಥವು.

ಇದು ಮೂಲತಃ ಯಾವ ಬಗೆಯ ಅಡುಗೆ?

ಕೊಚ್ಚಿದ ಟರ್ಕಿ ಮಾಂಸಕ್ಕೆ ಬ್ರೆಡ್ಡಿನ ಪುಡಿ, ಮೊಟ್ಟೆ, ಈರುಳ್ಳಿ ಸೇರಿಸಿ ಉಂಡೆ ಕಟ್ಟಿ, ಬೇಯಿಸಿ, ಚೀನಿಕಾಯಿ (ಸಿಹಿಗುಂಬಳ), ಸೇಬು, ಕ್ರ್ಯಾನ್‌ಬೆರಿಯಂಥ ಶರತ್ಕಾಲದ ಫಸಲಿನಿಂದ ಮಾಡಿದ ಸಾಸ್‌ನಲ್ಲಿ ಬಡಿಸುವುದು ಉತ್ತರ ಅಮೆರಿಕದ ಪದ್ಧತಿ. ಕೆನಡಾದಲ್ಲಿ ಅಕ್ಟೋಬರ್‌ನ ಎರಡನೆಯ ಸೋಮವಾರ, ಅಮೆರಿಕದಲ್ಲಿ ನವೆಂಬರ್‌ನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರುಚಿಗಳೇ ಇದರ ತಳಹದಿ. ಕೈಮಾ ಉಂಡೆಯನ್ನು ಬಲ್ಲ ನಮಗೆ ಈ ವಿಧಾನದಲ್ಲಿ ಹೊಸದೆನ್ನುವಂಥದ್ದು ಹೆಚ್ಚೇನಿಲ್ಲ. ಮಾಂಸದ ಸ್ವಭಾವ ಮಾತ್ರ ಬೇರೆ, ಕಷ್ಟವೆಲ್ಲ ಇರುವುದು ಅಲ್ಲಿಯೇ.

ಕಾಸರಗೋಡಿನಲ್ಲಿ ಟರ್ಕಿ ಮಾಂಸ ಎಲ್ಲಿ ಸಿಗುತ್ತದೆ?

ಸಿಗುತ್ತದೆ, ಆದರೆ ಬೇಕೆಂದಾಗ ಅಲ್ಲ. ಕೇರಳದಲ್ಲಿ ಟರ್ಕಿ ಸಾಕಣೆ ಹೊಸದಲ್ಲ. ರಾಜ್ಯದ ಪಶುಸಂಗೋಪನಾ ಇಲಾಖೆಯ ಟರ್ಕಿ ಸಾಕಣೆ ಕೇಂದ್ರವೇ ಕೊಲ್ಲಂನ ಕುರೀಪುಳದಲ್ಲಿದೆ. ನಮ್ಮ ಕಡೆ ತೋಟದ ಮನೆಗಳಲ್ಲಿ ಊರ ಕೋಳಿಗಳ ಜೊತೆಗೆ ಒಂದೆರಡು ಟರ್ಕಿಗಳನ್ನು ಬಿಟ್ಟುಕೊಂಡಿರುವವರಿದ್ದಾರೆ. ಕೋಳಿ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಅವರು ತರಿಸಿಕೊಡುವುದುಂಟು. ಕ್ರಿಸ್‌ಮಸ್ ಸಮೀಪಿಸಿದಂತೆ ಮಂಗಳೂರಿನ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಇಡೀ ಟರ್ಕಿಯನ್ನೂ ವಿಚಾರಿಸಬಹುದು. ಇಡೀ ಹಕ್ಕಿ ಒಂದು ಮನೆಗೆ ಹೆಚ್ಚಾಗುತ್ತದೆ. ಆದ್ದರಿಂದ ಎರಡು ಮೂರು ಮನೆಯವರು ಪಾಲು ಹಾಕಿಕೊಳ್ಳುವುದು ಲೇಸು.

ಈ ಹಕ್ಕಿ ನಮ್ಮ ಕರಾವಳಿಯ ದಾರಿಯಾಗಿಯೇ ಭಾರತಕ್ಕೆ ಬಂದದ್ದೆಂಬುದನ್ನು ಇಲ್ಲಿ ನೆನೆಯಬಹುದು. ಮೊಗಲ್ ದೊರೆ ಜಹಾಂಗೀರನಿಗಾಗಿ ಮುಕರ್ರಬ್ ಖಾನ್ 1612ರಲ್ಲಿ ಗೋವಾದಿಂದ ತಂದ ವಿಚಿತ್ರ ಪ್ರಾಣಿ ಪಕ್ಷಿಗಳಲ್ಲಿ ಒಂದು ಟರ್ಕಿಯೂ ಇತ್ತು. ಆಸ್ಥಾನದ ಚಿತ್ರಕಾರ ಮನ್ಸೂರ್ ಬರೆದ ಅದರ ಚಿತ್ರ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಉಂಡೆಗೆ ಹಕ್ಕಿಯ ಯಾವ ಭಾಗ ಒಳ್ಳೆಯದು?

ಆರೋಗ್ಯದ ಹೆಸರಿನಲ್ಲಿ ಎದೆಯ ಮಾಂಸವನ್ನು ಮಾತ್ರ ಬಳಸಬೇಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಎದೆಯಲ್ಲಿ ಕೊಬ್ಬು ತೀರ ಕಡಿಮೆ. ಹಾಗಾಗಿ ಅದರಿಂದಲೇ ಮಾಡಿದ ಉಂಡೆ ಒಲೆಯ ಮೇಲೆ ಎರಡು ನಿಮಿಷ ಹೆಚ್ಚು ನಿಂತರೂ ಒಣಗಿಹೋಗುತ್ತದೆ, ಒಣಗಿದ ಉಂಡೆಯನ್ನು ನುಂಗಲು ಬೆಣ್ಣೆ, ಕೆನೆ ಸುರಿದ ಸಾಸ್ ಬೇಕಾಗುತ್ತದೆ, ಕೊನೆಗೆ ಉಳಿಸಿದ ಕೊಬ್ಬೆಲ್ಲ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. ಎದೆಯ ಮತ್ತು ತೊಡೆಯ ಮಾಂಸವನ್ನು ಸಮಪಾಲಿನಲ್ಲಿ, ಚರ್ಮ ತೆಗೆದು ಕೊಚ್ಚಿದರೆ ರಸವೂ ಉಳಿಯುತ್ತದೆ, ರುಚಿಯೂ ಇರುತ್ತದೆ.

ತೊಡೆಯ ಕೆಳಗಿನ ಕಾಲಿನ ಭಾಗವನ್ನು ಮಾತ್ರ ಕೈಮಾಕ್ಕೆ ಹಾಕಬೇಡಿ. ಟರ್ಕಿಯ ಕಾಲಿನ ಸ್ನಾಯುರಜ್ಜುಗಳು ವಯಸ್ಸಾದಂತೆ ಎಲುಬಿನಷ್ಟು ಗಟ್ಟಿಯಾಗುತ್ತವೆ. ಚಾಕು ಹಾಕಿದಾಗ ತೆಳ್ಳನೆಯ ಬಿಳಿ ಕಡ್ಡಿಗಳು ಕೈಗೆ ಚುಚ್ಚುವುದು ಅವುಗಳಿಂದಲೇ. ಕೈಮಾದಲ್ಲಿ ಅವು ಸೇರಿಕೊಂಡರೆ ಮಕ್ಕಳ ಬಾಯಿಗೆ ಅಪಾಯ. ಆ ಭಾಗವನ್ನು ಕುದಿಸಿ ಸಾರು ತೆಗೆಯಲು ಇಟ್ಟುಕೊಳ್ಳಬಹುದು.

ಅಂಗಡಿಯಲ್ಲಿ ಕೊಚ್ಚಿಸುವುದಾದರೆ ನಿಮ್ಮ ಕಣ್ಣೆದುರೇ ಕೊಚ್ಚಿಸಿ. ಮನೆಯಲ್ಲಾದರೆ ಮಾಂಸವನ್ನು ಎರಡು ಅಂಗುಲದ ತುಂಡುಗಳಾಗಿ ಕತ್ತರಿಸಿ, ಫ್ರೀಜರಿನಲ್ಲಿ ಅರ್ಧ ಗಂಟೆಯಿಟ್ಟು, ಅಂಚು ಗಟ್ಟಿಯಾದ ಮೇಲೆ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಕೈಮಾದ ಬದಲು ಅಂಟಂಟಾದ ಹಿಟ್ಟು ಸಿಗುತ್ತದೆ.

ಟರ್ಕಿ ಎಂದ ಮಾತ್ರಕ್ಕೆ ಆರೋಗ್ಯಕರವೇ?

ಚರ್ಮ ತೆಗೆದ 100 ಗ್ರಾಂ ಹಸಿ ಎದೆ ಮಾಂಸದಲ್ಲಿ ಸುಮಾರು 23 ಗ್ರಾಂ ಪ್ರೋಟೀನ್, 2 ಗ್ರಾಂಗಿಂತ ಕಡಿಮೆ ಕೊಬ್ಬು ಇರುತ್ತದೆ. ಇದರಲ್ಲಿ ಚರ್ಮ ತೆಗೆದ ಕೋಳಿಯ ಎದೆಗೂ ಟರ್ಕಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಚರ್ಮ, ಕೊಬ್ಬು ಸೇರಿಸಿ ಕೊಚ್ಚಿದ ಟರ್ಕಿಯಾದರೆ ಲೆಕ್ಕವೇ ಬೇರೆಯಾಗುತ್ತದೆ. ಟರ್ಕಿ ಸಿಗದಿದ್ದರೆ ಊರ ಕೋಳಿಯ ತೊಡೆಯಿಂದ ಇದೇ ಅಡುಗೆಯನ್ನು ಮಾಡಿದರೂ ಪೋಷಣೆಯ ದೃಷ್ಟಿಯಿಂದ ನಷ್ಟವಿಲ್ಲ.

ಈ ಅಡುಗೆಯಲ್ಲಿ ಆರೋಗ್ಯ ಕೆಡುವುದು ಸಾಮಾನ್ಯವಾಗಿ ಮೂರು ಕಡೆಗಳಲ್ಲಿ: ಎಣ್ಣೆಯಲ್ಲಿ ಕರಿಯುವಾಗ, ಸಾಸ್‌ಗೆ ಸಿಹಿ ಸುರಿಯುವಾಗ, ಮತ್ತು ಉಂಡೆಗೂ ಸಾಸ್‌ಗೂ ಬೇರೆ ಬೇರೆಯಾಗಿ ಉಪ್ಪು ಹಾಕಿ ಲೆಕ್ಕ ಮರೆಯುವಾಗ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು. ಕೆಳಗಿನ ಅಳತೆಯಲ್ಲಿ ಒಬ್ಬರ ಪಾಲಿಗೆ 2 ಗ್ರಾಂಗಿಂತ ತುಸು ಕಡಿಮೆ ಬರುತ್ತದೆ. ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ ಇಟ್ಟುಕೊಂಡರೆ ಆ ಲೆಕ್ಕ ನಿಲ್ಲುವುದಿಲ್ಲ.

ಉಂಡೆಗೆ ಏನೇನು, ಎಷ್ಟೆಷ್ಟು ಬೇಕು?

ಅರ್ಧ ಕಿಲೋ ಕೈಮಾ, 40 ಗ್ರಾಂ ಓಟ್ಸ್ ಪುಡಿ, 60 ಮಿಲಿ ಹಾಲು, ಒಂದು ಮೊಟ್ಟೆ, ತುರಿದು ಹಿಂಡಿದ ಒಂದು ಸಣ್ಣ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, ಅರ್ಧ ಅಂಗುಲ ಶುಂಠಿ, ಒಂದು ಚಮಚ ಕುಟ್ಟಿದ ಕಾಳುಮೆಣಸು, ಮುಕ್ಕಾಲು ಚಮಚ ಉಪ್ಪು. ಇಲ್ಲಿ ಚಮಚವೆಂದರೆ ಚಹಾ ಚಮಚ. ಇದರಿಂದ ತಲಾ 30 ಗ್ರಾಂ ತೂಗುವ, ಸಣ್ಣ ನಿಂಬೆಹಣ್ಣಿನ ಗಾತ್ರದ 22ರಿಂದ 24 ಉಂಡೆಗಳಾಗುತ್ತವೆ. ಒಬ್ಬರ ಪಾಲಿಗೆ ಸುಮಾರು 30 ಗ್ರಾಂ ಪ್ರೋಟೀನ್ ದೊರೆಯುತ್ತದೆ.

ಓಟ್ಸ್ ಬದಲಿಗೆ ತೆಳು ಅವಲಕ್ಕಿಯನ್ನು ಪುಡಿಮಾಡಿ ಬಳಸಬಹುದು. ಗೋಧಿಯ ಗ್ಲುಟೆನ್ ಆಗದವರಿಗೆ ಅವಲಕ್ಕಿಯೇ ಹೆಚ್ಚು ಸುರಕ್ಷಿತ, ಏಕೆಂದರೆ ಗಿರಣಿಯಲ್ಲಿ ಓಟ್ಸ್‌ಗೆ ಗೋಧಿಯ ಅಂಶ ಸೇರಿಕೊಳ್ಳುವುದುಂಟು. ಹಾಲು ಒಗ್ಗದವರು ತೆಳು ತೆಂಗಿನ ಹಾಲು ಹಾಕಬಹುದು.

ಉಂಡೆ ರಬ್ಬರಿನಂತೆ ಗಟ್ಟಿಯಾಗುವುದೇಕೆ?

ಇದು ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ. ಮಾಂಸದಲ್ಲಿರುವ ಮಯೋಸಿನ್ ಎಂಬ ಪ್ರೋಟೀನ್ ಉಪ್ಪು ತಾಗಿದಾಗ ಕರಗಿ ಅಂಟಾಗುತ್ತದೆ. ನಾದಿದಷ್ಟೂ ಅದು ಬಲೆಯಂತೆ ಹೆಣೆದುಕೊಳ್ಳುತ್ತದೆ. ಬೆಂಕಿ ತಾಗಿದಾಗ ಆ ಬಲೆ ಬಿಗಿದು, ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಕುರಿಯ ಕೈಮಾದಲ್ಲಿ ಕೊಬ್ಬು ಈ ಹೆಣಿಗೆಯ ನಡುವೆ ಸಿಕ್ಕಿಕೊಂಡು ಮೃದುತ್ವವನ್ನು ಕಾಯುತ್ತದೆ. ಟರ್ಕಿಯಲ್ಲಿ ಆ ಕೆಲಸ ಮಾಡುವವರಿಲ್ಲದ ಕಾರಣ ನಾವು ಬೇರೆ ಏರ್ಪಾಡು ಮಾಡಬೇಕಾಗುತ್ತದೆ.

ಆ ಏರ್ಪಾಡೇ ಹಾಲಿನಲ್ಲಿ ನೆನೆಸಿದ ಓಟ್ಸ್. ಓಟ್ಸ್ ಪುಡಿಗೆ ಹಾಲು ಸೇರಿಸಿ ಹತ್ತು ನಿಮಿಷ ಬಿಟ್ಟರೆ ದಪ್ಪ ಅಂಬಲಿಯ ಹದಕ್ಕೆ ಬರುತ್ತದೆ. ಆ ಪಿಷ್ಟ ನೀರನ್ನು ಹಿಡಿದಿಟ್ಟುಕೊಂಡು, ಪ್ರೋಟೀನಿನ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟದಂತೆ ನಡುವೆ ನಿಲ್ಲುತ್ತದೆ. ಒಣ ಪುಡಿಯನ್ನು ನೇರವಾಗಿ ಮಾಂಸಕ್ಕೆ ಹಾಕಿದರೆ ಅದು ಮಾಂಸದ ರಸವನ್ನೇ ಹೀರಿಕೊಳ್ಳುತ್ತದೆ, ಉದ್ದೇಶ ತಲೆಕೆಳಗಾಗುತ್ತದೆ.

ಮೊದಲು ಅಂಬಲಿ, ಮೊಟ್ಟೆ, ಮಸಾಲೆಗಳನ್ನು ಒಂದಾಗಿಸಿ, ಅನಂತರ ಮಾಂಸವನ್ನು ಸೇರಿಸಿ, ಉಪ್ಪನ್ನು ಕೊನೆಗೆ ಉದುರಿಸಿ, ಬೆರಳ ತುದಿಗಳಿಂದ ಅರ್ಧ ನಿಮಿಷ ಕೆದಕಿದಂತೆ ಬೆರೆಸಿದರೆ ಸಾಕು. ಚಪಾತಿ ಹಿಟ್ಟಿನಂತೆ ನಾದುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಮಿಶ್ರಣ ಸಡಿಲವಾಗಿ, ಕೈಗೆ ಅಂಟುವಂತೆ ಕಾಣುವುದು ಸಹಜ. ಹೆದರಿ ಇನ್ನಷ್ಟು ಓಟ್ಸ್ ಸುರಿಯಬೇಡಿ. ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ಅಂಗೈಯನ್ನು ತಣ್ಣೀರಿನಲ್ಲಿ ಒದ್ದೆ ಮಾಡಿಕೊಂಡು ಕಟ್ಟಿದರೆ ಉಂಡೆ ಸಲೀಸಾಗಿ ದುಂಡಗಾಗುತ್ತದೆ.

ಮನೆಯಲ್ಲಿ ಓವನ್ ಇಲ್ಲ. ಏನು ಮಾಡಬೇಕು?

ಇಡ್ಲಿ ಪಾತ್ರೆ ಇದ್ದರೆ ಸಾಕು. ನೀರು ಕುದಿ ಬಂದ ಮೇಲೆ ಬಾಳೆಲೆ ಹಾಸಿದ ತಟ್ಟೆಯಲ್ಲಿ ಉಂಡೆಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು 12ರಿಂದ 15 ನಿಮಿಷ ಹಬೆಯಲ್ಲಿ ಬೇಯಿಸಿ, ಬಳಿಕ ಕಾವಲಿಗೆ ಎರಡು ಚಮಚ ಎಣ್ಣೆ ಸವರಿ ಎಲ್ಲ ಬದಿಗಳೂ ಕೆಂಪಾಗುವಂತೆ ಹೊರಳಿಸಬೇಕು. ಹಬೆಯಲ್ಲಿ ರಸ ಉಳಿಯುತ್ತದೆ, ಕಾವಲಿಯಲ್ಲಿ ಪರಿಮಳ ಹುಟ್ಟುತ್ತದೆ. ಓವನಿಗಿಂತ ಈ ಕ್ರಮವೇ ನನಗೆ ಮೇಲೆನಿಸುತ್ತದೆ. ಓವನ್ ಇರುವವರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 18ರಿಂದ 20 ನಿಮಿಷ, ಏರ್ ಫ್ರೈಯರ್ ಇರುವವರು 190 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಇಡಬಹುದು.

ತೆಂಗಿನೆಣ್ಣೆ ಬಳಸಬಾರದೇ ಎಂದು ಕೇಳುವವರಿದ್ದಾರೆ. ತೆಂಗಿನೆಣ್ಣೆಯಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತಲೂ ಹೆಚ್ಚು ಪರ್ಯಾಪ್ತ ಕೊಬ್ಬು ಇರುವುದು ನಿಜ. ಆದರೂ ನಾಲ್ವರ ಅಡುಗೆಗೆ ಎರಡು ಚಮಚದ ಮಟ್ಟಿಗೆ ಅದರ ಬಗ್ಗೆ ಚಿಂತಿಸುವ ಅಗತ್ಯ ಕಾಣುವುದಿಲ್ಲ.

ಉಂಡೆ ಬೆಂದಿದೆಯೆಂದು ತಿಳಿಯುವುದು ಹೇಗೆ?

ಉಂಡೆಯ ನಡುವಿನ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಕೊಚ್ಚುವಾಗ ಹೊರಮೈಯಲ್ಲಿದ್ದ ಸಾಲ್ಮೊನೆಲ್ಲಾದಂಥ ಸೂಕ್ಷ್ಮಾಣುಗಳು ಒಳಗೆಲ್ಲ ಹರಡುವುದರಿಂದ ಇದರಲ್ಲಿ ರಿಯಾಯಿತಿ ಸಲ್ಲದು. ಬಣ್ಣವನ್ನು ನಂಬಬೇಡಿ. ಟರ್ಕಿ ಮಾಂಸ ಪೂರ್ತಿ ಬೆಂದ ಮೇಲೂ ಕೆಲವೊಮ್ಮೆ ನಸುಗೆಂಪಾಗಿಯೇ ಇರುತ್ತದೆ, ಕೆಲವೊಮ್ಮೆ ಬೇಯುವ ಮೊದಲೇ ಬಿಳಿಚಿಕೊಳ್ಳುತ್ತದೆ. ಅಡುಗೆಯ ಥರ್ಮಾಮೀಟರ್ ದುಬಾರಿಯೇನಲ್ಲ. ಅದಿಲ್ಲದಿದ್ದರೆ ಎಲ್ಲಕ್ಕಿಂತ ದೊಡ್ಡ ಉಂಡೆಯನ್ನು ಸೀಳಿ, ನಡುವೆ ಹಸಿ ಅಂಟು ಉಳಿದಿಲ್ಲವೆಂದು ನೋಡಿಕೊಂಡು, ಮತ್ತೆರಡು ನಿಮಿಷ ಬೇಯಿಸಿ.

ಶರತ್ಕಾಲದ ಸಾಸ್ ಎಂದರೇನು? ನಮ್ಮಲ್ಲಿ ಅದಕ್ಕೆ ಯಾವುದು ಹೊಂದುತ್ತದೆ?

ಎಲೆ ಉದುರುವ ಶರತ್ಕಾಲ ನಮಗಿಲ್ಲ. ನಮ್ಮ ಶರದೃತುವೆಂದರೆ ಆಶ್ವಯುಜ, ಕಾರ್ತಿಕ ಮಾಸಗಳು. ನವರಾತ್ರಿಯಿಂದ ದೀಪಾವಳಿಯಾಚೆಗೂ ಸಂಜೆ ಗುಡುಗಿ ಸುರಿಯುವ ತುಲಾ ಮಾಸದ ಮಳೆ. ಹಾಗಿದ್ದರೂ ಆ ಸಾಸ್‌ನ ಮುಖ್ಯ ಪದಾರ್ಥ ಎರಡೂ ಕಡೆಗೆ ಒಂದೇ. ನಾವು ಚೀನಿಕಾಯಿ ಎನ್ನುವ, ತುಳುವಿನಲ್ಲಿ ಕೆಂಬುಡೆಯಾಗುವ ಸಿಹಿಗುಂಬಳವೂ ಟರ್ಕಿಯಂತೆಯೇ ಅಮೆರಿಕ ಖಂಡದಿಂದ ಬಂದದ್ದು.

ಹಳೆಯ ಮನೆಗಳಲ್ಲಿ ಸೌತೆಕಾಯಿಯನ್ನು ಬಾಳೆನಾರಿನಿಂದ ಕಟ್ಟಿ ಮಾಡಿನ ಕೆಳಗೆ ತೂಗುಹಾಕಿ, ಚೀನಿಕಾಯಿಯನ್ನು ಅಟ್ಟದಲ್ಲಿ ಸಾಲಾಗಿ ಇಡುವುದುಂಟು. ಹಾಗೆ ಕೆಲವು ವಾರ ಕುಳಿತ ಕಾಯಿಯೇ ಈ ಸಾಸ್‌ಗೆ ಹೇಳಿ ಮಾಡಿಸಿದ್ದು, ಏಕೆಂದರೆ ಇಟ್ಟಷ್ಟು ದಿನ ಅದರ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ, ಹೊರಗಿನಿಂದ ಸಿಹಿ ಹಾಕುವ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ. ಪೇಟೆಯಿಂದ ತರುವುದಾದರೆ ತೊಟ್ಟು ಒಣಗಿ ಮರದಂತಾಗಿರುವ, ಉಗುರು ಒತ್ತಿದರೆ ಸಿಪ್ಪೆಯೊಳಗೆ ಇಳಿಯದ, ಹೊಳಪಿಲ್ಲದ ಕಾಯಿಯನ್ನು ಆರಿಸಿ. ಕತ್ತರಿಸಿಟ್ಟ ಹೋಳು ಕೊಳ್ಳುವುದಾದರೆ ತಿರುಳು ಗಾಢ ಕೇಸರಿ ಬಣ್ಣದ್ದಾಗಿರಲಿ. ಆ ಬಣ್ಣ ದೇಹದಲ್ಲಿ ಎ ಜೀವಸತ್ವವಾಗುವ ಬೀಟಾ ಕ್ಯಾರೋಟಿನ್‌ನದು. ಅದು ದೇಹಕ್ಕೆ ಹತ್ತಲು ಸ್ವಲ್ಪ ಕೊಬ್ಬು ಜೊತೆಗಿರಬೇಕು, ಹಾಗಾಗಿ ಸಾಸ್‌ನಿಂದ ಎಣ್ಣೆಯನ್ನು ಪೂರ್ತಿ ತೆಗೆದುಹಾಕುವುದು ಜಾಣತನವಲ್ಲ.

300 ಗ್ರಾಂ ಚೀನಿಕಾಯಿಯನ್ನು ಸಿಪ್ಪೆ ಸಹಿತ ದೊಡ್ಡ ಹೋಳುಗಳಾಗಿ ಮಾಡಿ ಹಬೆಯಲ್ಲಿ ಬೇಯಿಸಿ, ತಿರುಳು ಕೆರೆದು ತೆಗೆಯಿರಿ. ನೀರಿನಲ್ಲಿ ಮುಳುಗಿಸಿ ಬೇಯಿಸಿದರೆ ಸಾಸ್ ಸಪ್ಪೆಯಾಗಿ, ತೆಳ್ಳಗಾಗುತ್ತದೆ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆಗೆ ಒಂದು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ, ಅಂಚು ಕಂದು ಬಣ್ಣಕ್ಕೆ ತಿರುಗುವವರೆಗೆ ಬಾಡಿಸಿ. ಆತುರಪಡಬಾರದಾದದ್ದು ಇಲ್ಲಿಯೇ, ಏಕೆಂದರೆ ಸಾಸ್‌ನ ಸಿಹಿಯಲ್ಲಿ ದೊಡ್ಡ ಪಾಲು ಈರುಳ್ಳಿಯದು. ಅನಂತರ ಒಂದು ಸೇಬಿನ ಹೋಳು, ಜಜ್ಜಿದ ಶುಂಠಿ, ಎರಡು ಎಸಳು ಬೆಳ್ಳುಳ್ಳಿ, ಒಂದು ಅಂಗುಲ ದಾಲ್ಚಿನ್ನಿ ಸೇರಿಸಿ. ಸೇಬು ಹುಳಿ ಮಿಶ್ರಿತವಾಗಿದ್ದರೆ ಒಳ್ಳೆಯದು. ಹಿಮಾಚಲ, ಕಾಶ್ಮೀರದ ಹೊಸ ಫಸಲು ಈ ಹೊತ್ತಿಗೆ ನಮ್ಮ ಪೇಟೆಗೂ ಬಂದಿರುತ್ತದೆ. ಅದರಲ್ಲಿರುವ ಪೆಕ್ಟಿನ್‌ನಿಂದ ಸಾಸ್‌ಗೆ ಮೈದಾ ಹಾಕದೆಯೇ ಮಂದತೆ ಬರುತ್ತದೆ. ಸೇಬು ಮೆತ್ತಗಾದ ಮೇಲೆ ದಾಲ್ಚಿನ್ನಿ ತೆಗೆದು, ಚೀನಿಕಾಯಿಯ ಜೊತೆ ನುಣ್ಣಗೆ ರುಬ್ಬಿ, ಮತ್ತೆ ಬಾಣಲೆಗೆ ಹಾಕಿ, ಅರ್ಧ ಚಮಚ ಉಪ್ಪು, ಕಾಳುಮೆಣಸು, ಒಂದು ಲೋಟ ನೀರು ಅಥವಾ ಟರ್ಕಿಯ ಸಾರು ಸೇರಿಸಿ ಐದು ನಿಮಿಷ ಕುದಿಸಿ. ಉಂಡೆಗಳನ್ನು ಇಳಿಸಿ ಮೂರು ನಾಲ್ಕು ನಿಮಿಷ ಸಣ್ಣ ಉರಿಯಲ್ಲಿಡಿ. ಬೇಕಿದ್ದರೆ ಕಾಲು ಲೋಟ ತೆಂಗಿನ ಹಾಲನ್ನು ಒಲೆ ಆರಿಸಿದ ಮೇಲೆ ಹಾಕಬಹುದು; ಬಿರುಸಾಗಿ ಕುದಿಯುವ ಸಾಸ್‌ಗೆ ಹಾಕಿದರೆ ಅದು ಒಡೆಯುತ್ತದೆ.

ಕ್ರ್ಯಾನ್‌ಬೆರಿ, ಸೇಜ್ ಸೊಪ್ಪು ಇಲ್ಲಿ ಸಿಗುವುದಿಲ್ಲ. ಬದಲಿಗೆ ಏನು ಬಳಸಬಹುದು?

ಕ್ರ್ಯಾನ್‌ಬೆರಿಯ ಹುಳಿ, ಒಗರು, ಕಡುಗೆಂಪು ಬಣ್ಣ ಮೂರನ್ನೂ ಕೊಡಬಲ್ಲದ್ದು ಪುನರ್ಪುಳಿ. ನಾಲ್ಕೈದು ಒಣ ಸಿಪ್ಪೆಗಳನ್ನು ಅರ್ಧ ಲೋಟ ಬಿಸಿ ನೀರಿನಲ್ಲಿ ನೆನೆಸಿ, ಹಿಂಡಿ, ಒಂದು ಚಮಚ ಬೆಲ್ಲದೊಂದಿಗೆ ಅರ್ಧಕ್ಕಿಳಿಯುವಂತೆ ಕುದಿಸಿ, ಬಡಿಸುವಾಗ ಉಂಡೆಯ ಮೇಲೆ ಹನಿಸಿ. ಸಾಸ್‌ನೊಳಗೇ ಬೆರೆಸಿದರೆ ಕೇಸರಿ ಬಣ್ಣ ಕೆಟ್ಟು ಕೆಸರಿನಂತಾಗುತ್ತದೆ. ಕುದಿಸಲು ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಅಂಗಡಿಯ ಸಿಪ್ಪೆಗೆ ಉಪ್ಪು ಹಾಕಿದ್ದರೆ ಮೊದಲು ತೊಳೆದುಕೊಳ್ಳಿ. ಬಿಂಬುಳಿಯೂ ಆಗುತ್ತದೆ, ಆದರೆ ಅದರ ಹುಳಿ ಒರಟು.

ಸೇಜ್ ಬದಲಿಗೆ ಹಿತ್ತಿಲಿನ ದೊಡ್ಡಪತ್ರೆ, ಅಂದರೆ ನಮ್ಮ ಸಾಂಬ್ರಾಣಿ ಸೊಪ್ಪು, ಎರಡೇ ಎಲೆ ಸಾಕು. ರುಚಿ ಸೇಜ್‌ನದಲ್ಲದಿದ್ದರೂ ಅದೇ ಬಗೆಯ ಗಾಢ ಘಾಟು ಇದೆ.

ಬೆಲ್ಲ ಅಥವಾ ತೆಂಗಿನ ಸಕ್ಕರೆ ಹಾಕಿದರೆ ಸಕ್ಕರೆಯ ದೋಷ ಇರುವುದಿಲ್ಲವೇ?

ಇರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ತೆಂಗಿನ ಹೊಂಬಾಳೆಯ ರಸವನ್ನು ಹುಳಿಯದಂತೆ ತಂಪಿನಲ್ಲಿ ಸಂಗ್ರಹಿಸಿ ಕಲ್ಪರಸ ಮತ್ತು ಅದರಿಂದ ತೆಂಗಿನ ಸಕ್ಕರೆ ತಯಾರಿಸುವ ವಿಧಾನವನ್ನು ರೂಪಿಸಿದೆ. ಅದರ ಕಾಯಿಸಿದ ಸಕ್ಕರೆಯಂಥ ರುಚಿ ಈ ಸಾಸ್‌ಗೆ ಚೆನ್ನಾಗಿ ಹೊಂದುತ್ತದೆಂಬ ಕಾರಣಕ್ಕೆ ಬಳಸಬಹುದೇ ಹೊರತು, ಎಷ್ಟು ಹಾಕಿದರೂ ಆದೀತು ಎಂಬ ಕಾರಣಕ್ಕಲ್ಲ. ಇಡೀ ಸಾಸ್‌ಗೆ ಒಂದು ಚಮಚ ಮೀರಬೇಕಾಗಿಲ್ಲ.

ಮಧುಮೇಹ, ಯೂರಿಕ್ ಆಸಿಡ್ ತೊಂದರೆ ಇರುವವರು ತಿನ್ನಬಹುದೇ?

ಮಧುಮೇಹ ಇರುವವರು ಬೆಲ್ಲ ಬಿಟ್ಟು, ಅನ್ನದ ಪ್ರಮಾಣವನ್ನು ಗಮನಿಸಿ ತಿನ್ನಬಹುದು. ಒಬ್ಬರ ಪಾಲಿಗೆ ಬರುವ ಚೀನಿಕಾಯಿ 75 ಗ್ರಾಂ ಮಾತ್ರ. ದೇಹದಲ್ಲಿ ಯೂರಿಕ್ ಆಸಿಡ್ ಆಗಿ ಬದಲಾಗುವ ಪ್ಯೂರಿನ್ ಅಂಶ ಟರ್ಕಿಯಲ್ಲಿ ಇರುವುದರಿಂದ ಗೌಟ್ (ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಕೀಲುನೋವು) ಇರುವವರು, ಹಾಗೆಯೇ ಪ್ರೋಟೀನ್ ಮಿತಿ ಹೇಳಿಸಿಕೊಂಡ ಮೂತ್ರಪಿಂಡದ ರೋಗಿಗಳು ತಮ್ಮ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಟರ್ಕಿ ತಿಂದರೆ ನಿದ್ದೆ ಬರುತ್ತದೆಯಂತೆ, ಹೌದೇ?

ನಿದ್ದೆಗೆ ಕಾರಣವೆಂದು ಹೇಳುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ ಪ್ರಮಾಣ ಟರ್ಕಿಯಲ್ಲಿ ಕೋಳಿಯಲ್ಲಿರುವಷ್ಟೇ. ಹಬ್ಬದ ಊಟದ ನಂತರದ ನಿದ್ದೆಗೆ ಊಟದ ಪ್ರಮಾಣವೇ ಸಾಕಷ್ಟು ಕಾರಣ.

ಅಡುಗೆಗೆ ಮೊದಲು ಮಾಂಸವನ್ನು ತೊಳೆಯಬಾರದೆನ್ನುತ್ತಾರೆ. ಮನಸ್ಸು ಒಪ್ಪುವುದಿಲ್ಲವಲ್ಲ?

ನಮ್ಮ ರೂಢಿಗೆ ಇದು ವಿರುದ್ಧವೆಂಬುದು ನಿಜ. ಆದರೆ ನಲ್ಲಿಯ ಕೆಳಗೆ ತೊಳೆದಾಗ ಸಿಡಿಯುವ ಹನಿಗಳು ಪಕ್ಕದ ಸೊಪ್ಪು, ಪಾತ್ರೆಗಳ ಮೇಲೆ ಬೀಳುತ್ತವೆ; ಸೂಕ್ಷ್ಮಾಣುಗಳನ್ನು ಕೊಲ್ಲುವುದು ಬಿಸಿ, ನೀರಲ್ಲ. ತೊಳೆಯದೆ ಮನಸ್ಸು ಕೇಳದಿದ್ದರೆ ಇಡೀ ತುಂಡುಗಳನ್ನು ಅಗಲ ಪಾತ್ರೆಯ ನಿಂತ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಒರೆಸಿ, ಸಿಂಕನ್ನು ಸೋಪು ಹಾಕಿ ಉಜ್ಜಿ. ಕೊಚ್ಚಿದ ಮೇಲಂತೂ ತೊಳೆಯಲೇಬೇಡಿ.

ಮನೆಯಲ್ಲಿ ಸಸ್ಯಾಹಾರಿಗಳೂ ಇದ್ದಾರೆ. ಅವರಿಗೆ?

ಸಾಸ್‌ಗೆ ಸಾರಿನ ಬದಲು ನೀರು ಬಳಸಿ, ಉಂಡೆ ಇಳಿಸುವ ಮೊದಲೇ ಅವರ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಡಿ. ಬೇಯಿಸಿದ ಕಡಲೆಯನ್ನೂ ಸುವರ್ಣಗೆಡ್ಡೆಯನ್ನೂ ತರಿತರಿಯಾಗಿ ಅರೆದು, ಅವಲಕ್ಕಿ ಪುಡಿ ಸೇರಿಸಿ ಉಂಡೆ ಕಟ್ಟಿದರೆ ಚೆನ್ನಾಗಿ ನಿಲ್ಲುತ್ತದೆ.

ಇದನ್ನು ಯಾವುದರ ಜೊತೆ ಬಡಿಸಬೇಕು?

ಅಲ್ಲಿ ಪಾಸ್ತಾ ಅಥವಾ ಹಿಸುಕಿದ ಆಲೂಗಡ್ಡೆಯೊಂದಿಗೆ ತಿನ್ನುತ್ತಾರೆ. ಇಲ್ಲಿ ನೀರುದೋಸೆಯೇ ಮೊದಲ ಆಯ್ಕೆ, ಏಕೆಂದರೆ ಅದರ ಸಪ್ಪೆ ರುಚಿ ಈ ಸಾಸ್‌ನ ಸಿಹಿಹುಳಿಗೆ ಅಡ್ಡ ಬರುವುದಿಲ್ಲ. ಪತ್ತಿರಿಯೂ ಹೊಂದುತ್ತದೆ. ಕುಚ್ಚಿಲಕ್ಕಿ ಅನ್ನಕ್ಕಾದರೆ ಸಾಸನ್ನು ತುಸು ತೆಳ್ಳಗೆ ಮಾಡಿ, ಕಾಳುಮೆಣಸನ್ನು ಹೆಚ್ಚಿಸಿ. ಪಕ್ಕದಲ್ಲಿ ಬೀನ್ಸ್ ಅಥವಾ ಅಲಸಂಡೆಯ ಪಲ್ಯವಿದ್ದರೆ ಊಟ ಪೂರ್ಣವಾಗುತ್ತದೆ.

ಮುಂಚಿತವಾಗಿ ಮಾಡಿಟ್ಟುಕೊಳ್ಳಬಹುದೇ? ಎಷ್ಟು ದಿನ ಇಡಬಹುದು?

ಹಸಿ ಕೈಮಾವನ್ನು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪಿನಲ್ಲಿ ಹೆಚ್ಚೆಂದರೆ ಎರಡು ದಿನ, ಬೆಂದ ಉಂಡೆಯನ್ನು ಮೂರರಿಂದ ನಾಲ್ಕು ದಿನ ಇಡಬಹುದು. ಫ್ರೀಜರಿನಲ್ಲಾದರೆ ಸಾಸ್ ಬೇರೆ, ಉಂಡೆ ಬೇರೆಯಾಗಿ ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತವೆ; ತೆಂಗಿನ ಹಾಲು ಹಾಕುವ ಮೊದಲೇ ಸಾಸನ್ನು ತೆಗೆದಿಡಬೇಕು. ಬೇಯಿಸಿದ್ದನ್ನು ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು, ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮಳೆ ಬಿಟ್ಟ ಅಕ್ಟೋಬರ್ ಮಧ್ಯಾಹ್ನಗಳ ಸೆಕೆಯಲ್ಲಿ ಈ ಎರಡನೆಯ ಲೆಕ್ಕವನ್ನೇ ಹಿಡಿಯುವುದು ಕ್ಷೇಮ. ಕರೆಂಟು ಹೋಗಿ ಬರುವ ಊರುಗಳಲ್ಲಿ ಫ್ರೀಜರಿನಿಂದ ತೆಗೆದಾಗ ಉಂಡೆಗಳು ಕರಗಿ ಮತ್ತೆ ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಿದ್ದರೆ ಅವುಗಳನ್ನು ಬಳಸಬೇಡಿ. ಮತ್ತೆ ಬಿಸಿ ಮಾಡುವಾಗ ಸಾಸ್‌ಗೆ ಎರಡು ಸೌಟು ನೀರು ಸೇರಿಸಿ, ಮುಚ್ಚಳ ಮುಚ್ಚಿ, ಉಂಡೆಯ ನಡುಭಾಗವೂ ಹಬೆಯಾಡುವಷ್ಟು ಬಿಸಿಯಾಗುವವರೆಗೆ ಸಣ್ಣ ಉರಿಯಲ್ಲಿಡಿ.